ಹಾಲಾಡಿ ಬದಿಗೆ ಸರಿದ ಮೇಲೆ ಕರಾವಳಿ ಬಿಜೆಪಿಯಲ್ಲಿ ‘ಇದು ಬೇಡ’ ಅನ್ನೋರು ಯಾರು?

ಕುಂದಾಪುರ: 2023ರ ಏಪ್ರಿಲ್ ಮೊದಲ ವಾರ. ಬಿಜೆಪಿ ಪಟ್ಟಿ ಇನ್ನೂ ಹೊರಬಿದ್ದಿರಲಿಲ್ಲ. ಅಷ್ಟರಲ್ಲೇ ಹಾಲಾಡಿ ಶ್ರೀನಿವಾಸ ಶೆಟ್ಟಿಯವರು ಈ ಸಲ ಚುನಾವಣೆಗೆ ನಿಲ್ಲುವುದಿಲ್ಲ ಎಂದು ತಿಳಿಸಿಬಿಟ್ಟರು. ಪ್ರೆಸ್‌ಮೀಟ್ ಇಲ್ಲ, ಕಣ್ಣೀರಿಲ್ಲ, ಯಾರ ಮೇಲೂ ದೂರಿಲ್ಲ. ಐದು ಸಲ ಗೆದ್ದ ಶಾಸಕರೊಬ್ಬರು ಒಂದು ಹೇಳಿಕೆ ಕೊಟ್ಟು ಸುಮ್ಮನಾದರು. ಅದೇ ತಿಂಗಳು ರಾಜ್ಯದ ಬೇರೆ ಕಡೆ ಟಿಕೆಟ್ ತಪ್ಪಿದವರ ರಂಪ ಟಿವಿಯಲ್ಲಿ ದಿನವಿಡೀ ಓಡುತ್ತಿತ್ತು. ಹುಬ್ಬಳ್ಳಿಯ ಜಗದೀಶ ಶೆಟ್ಟರ್ ಕಾಂಗ್ರೆಸ್‌ಗೆ ಹೋದರು, ಸೋತರು, 2024ರ ಜನವರಿಯಲ್ಲಿ ವಾಪಸ್ ಬಂದರು. ಸುಳ್ಯದಲ್ಲಿ ಆರು ಸಲದ ಶಾಸಕ ಎಸ್. ಅಂಗಾರ ನಿವೃತ್ತಿ ಅಂದರು, ಆಮೇಲೆ ಮಾತು ಬದಲಿಸಿದರು. ಉಡುಪಿಯ ರಘುಪತಿ ಭಟ್ಟರು ಕ್ಯಾಮೆರಾ ಮುಂದೆ ಕಣ್ಣೀರು ಹಾಕಿದರು.

ಹಾಲಾಡಿ ಶೆಟ್ರು ಮಾತ್ರ ಹೇಳಿದ ಮಾತಿಗೆ ನಿಂತರು. ಪಕ್ಷದ ಅಭ್ಯರ್ಥಿ ಕಿರಣ್ ಕುಮಾರ್ ಕೊಡ್ಗಿ ಪರ ಓಡಾಡಿದರು. ಕೊಡ್ಗಿ 41,556 ಮತಗಳ ಅಂತರದಲ್ಲಿ ಗೆದ್ದರು. ಅಲ್ಲಿಗೆ ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು.

ಮುಗಿದಿಲ್ಲ. ಆಗ ಯಾರೂ ಅಷ್ಟಾಗಿ ಕೇಳದ ಒಂದು ಪ್ರಶ್ನೆ ಈಗ ಕರಾವಳಿಯ ಪ್ರತಿ ತಾಲೂಕಿನಲ್ಲೂ ಎದುರಿಗೆ ಬಂದು ನಿಂತಿದೆ. ಸೌಮ್ಯ ಸ್ವಭಾವದ ಹಳೆಯ ತಲೆಗಳು ಒಬ್ಬೊಬ್ಬರೇ ಬದಿಗೆ ಸರಿಯುವಾಗ ಪಕ್ಷದೊಳಗೆ ಬಿಸಿ ಜಾಸ್ತಿಯಾಗುತ್ತಿರುವುದು ಎಲ್ಲರಿಗೂ ಕಾಣುತ್ತದೆ. ಆದರೆ ಬಿಸಿ ಏರಿದಾಗ ‘ಸಾಕು, ಇದು ಬೇಡ’ ಅನ್ನುವ ಶಕ್ತಿ ಇನ್ನು ಯಾರ ಹತ್ತಿರ ಉಳಿದಿದೆ?

ಸ್ವಂತ ಮತದ ಲೆಕ್ಕ

ಹಾಲಾಡಿಯವರನ್ನು ‘ಕುಂದಾಪುರದ ವಾಜಪೇಯಿ’ ಅಂತ ಕರೆಯುವುದು ರೂಢಿ. ಮದುವೆಯಾಗಿಲ್ಲ, ಬಿಳಿ ಪಂಚೆ, ಕಮ್ಮಿ ಮಾತು. ಆದರೆ ಅವರ ರಾಜಕೀಯ ಬಲ ಇದ್ದದ್ದು ಪಂಚೆಯಲ್ಲೂ ಅಲ್ಲ, ಆ ಬಿರುದಲ್ಲೂ ಅಲ್ಲ. 2013ರ ಲೆಕ್ಕದಲ್ಲಿ.

1999ರಲ್ಲಿ ಅವರು ಮೊದಲ ಸಲ ಗೆದ್ದದ್ದು ಇಲ್ಲಿ ನಾಲ್ಕು ಸಲ ಗೆದ್ದಿದ್ದ ಪ್ರತಾಪಚಂದ್ರ ಶೆಟ್ಟಿಯವರ ವಿರುದ್ಧ. 2004, 2008 ಕೂಡ ಬಿಜೆಪಿಯಿಂದಲೇ. 2012ರ ಜುಲೈಯಲ್ಲಿ ಶೆಟ್ಟರ್ ಸಂಪುಟ ರಚನೆಯ ದಿನ ಮಂತ್ರಿ ಮಾಡುತ್ತೇವೆ ಎಂದು ಬೆಂಗಳೂರಿಗೆ ಕರೆಸಿಕೊಂಡು, ಕೊನೇ ಗಳಿಗೆಯಲ್ಲಿ ಹೆಸರು ಕೈಬಿಟ್ಟರು. ಇಡೀ ತಾಲೂಕಿಗೆ ಅದು ಅವಮಾನ ಅನ್ನಿಸಿತ್ತು. ಶೆಟ್ರು ಪಕ್ಷದಿಂದ ದೂರವಾದರು. 2013ರಲ್ಲಿ ಪಕ್ಷೇತರರಾಗಿ ನಿಂತರು, 40,611 ಮತಗಳ ಅಂತರದಲ್ಲಿ ಗೆದ್ದರು. ಆ ವರ್ಷ ಉಡುಪಿ ಜಿಲ್ಲೆಯ ಐದು ಕ್ಷೇತ್ರಗಳಲ್ಲಿ ಬಿಜೆಪಿಗೆ ಸಿಕ್ಕಿದ್ದು ಕಾರ್ಕಳ ಒಂದೇ. ಅಂದರೆ ಪಕ್ಷ ಮಕಾಡೆ ಮಲಗಿದ್ದ ವರ್ಷ ಒಬ್ಬ ಮನುಷ್ಯ ಚಿಹ್ನೆ ಇಲ್ಲದೆ ಗೆದ್ದು ತೋರಿಸಿದರು.

ಹೀಗೆ ಗೆದ್ದವನಿಗೆ ಪಕ್ಷದೊಳಗೆ ಸಿಗುವ ಬೆಲೆ ಬೇರೆ. 2018ರಲ್ಲಿ ಅವರನ್ನು ಮತ್ತೆ ಬಿಜೆಪಿ ಟಿಕೆಟ್‌ನಲ್ಲಿ ನಿಲ್ಲಿಸಿದಾಗ 1,03,434 ಮತ ಬಿತ್ತು. ಗೆಲುವಿನ ಅಂತರ 56,405.

ಈಗ ಐದು ವರ್ಷ ಮುಂದೆ ಬನ್ನಿ. 2023ರಲ್ಲಿ ಹಾಲಾಡಿ ಕಣದಲ್ಲಿ ಇಲ್ಲ. ಕೊಡ್ಗಿಯವರು ಮೊದಲ ಸಲ ನಿಂತವರು. ಅವರಿಗೆ ಬಿದ್ದ ಮತ 1,02,424. ಹಾಲಾಡಿಯವರಿಗಿಂತ ಕಮ್ಮಿ ಎಷ್ಟು? ಬರೇ 1,010. ಗೆಲುವಿನ ಅಂತರ ಇಳಿದದ್ದು ಕಾಂಗ್ರೆಸ್ ಮತ ಏರಿದ್ದರಿಂದ, ಬಿಜೆಪಿ ಮತ ಕರಗಿದ್ದರಿಂದಲ್ಲ.

ಈ 1,010 ಎಂಬ ಸಂಖ್ಯೆಯನ್ನು ಸ್ವಲ್ಪ ಹೊತ್ತು ನೋಡುವುದು ಒಳ್ಳೆಯದು. ಹಾಲಾಡಿಯವರೇ ಕೊಡ್ಗಿ ಪರ ಮತ ಕೇಳಿದ್ದರು ಎಂಬುದು ನಿಜ. ಕೊಡ್ಗಿಯವರ ತಂದೆ ಎ.ಜಿ. ಕೊಡ್ಗಿಯವರ ಹೆಸರಿನ ಗೌರವವೂ ಜೊತೆಗಿತ್ತು. ಆದರೂ ಲಕ್ಷ ಮತಗಳಲ್ಲಿ ಒಂದು ಪರ್ಸೆಂಟ್ ಮಾತ್ರ ಆಚೀಚೆ ಅಂದರೆ ಅದರಿಂದ ಪಕ್ಷ ಕಲಿತ ಪಾಠ ಏನಿರಬಹುದು? ವ್ಯಕ್ತಿ ಹೋದರೂ ಮತ ಹೋಗುವುದಿಲ್ಲ. ವ್ಯಕ್ತಿಗೆ ಹೆದರಬೇಕಾಗಿಲ್ಲ.

2013ರಲ್ಲಿ ಕುಂದಾಪುರದ ಮತ ಹಾಲಾಡಿಯವರದ್ದಾಗಿತ್ತು. 2023ರಲ್ಲಿ ಅದು ಪಕ್ಷದ್ದಾಗಿದೆ. ಇವೆರಡರ ನಡುವಿನ ಹತ್ತು ವರ್ಷದಲ್ಲಿ ಆದದ್ದೇ ಕರಾವಳಿ ರಾಜಕೀಯದ ನಿಜವಾದ ಬದಲಾವಣೆ. ಮತ ತನ್ನದಲ್ಲ ಅಂತ ಗೊತ್ತಿರುವ ಶಾಸಕ, ಅವನು ಎಷ್ಟೇ ಸಜ್ಜನನಾಗಿರಲಿ, ಮೇಲಿನವರಿಗೂ ಎದುರಾಡುವುದಿಲ್ಲ, ಕೆಳಗಿನ ಹುಡುಗರ ಗುಂಪಿಗೂ ಎದುರಾಡುವುದಿಲ್ಲ.

ಚರಂಡಿಯಿಂದ ಶುರುವಾದ ಪಕ್ಷ

ಹೊಸ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ. ಕರಾವಳಿಯಲ್ಲಿ ಈ ಪಕ್ಷ ಬೇರುಬಿಟ್ಟದ್ದು ಭಾಷಣದಿಂದ ಮಾತ್ರ ಅಲ್ಲ. 1968ರಲ್ಲಿ ಜನಸಂಘ ಉಡುಪಿ ಪುರಸಭೆಯನ್ನು ಗೆದ್ದಾಗ ಅಧ್ಯಕ್ಷರಾದದ್ದು ವೈದ್ಯರಾಗಿದ್ದ ಡಾ. ವಿ.ಎಸ್. ಆಚಾರ್ಯ. ಅವರ ಕಾಲದಲ್ಲಿ ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ಪುರಸಭೆ ನಿಲ್ಲಿಸಿತು. ಇಂಥ ನಿರ್ಧಾರ ತೆಗೆದುಕೊಂಡ ದೇಶದ ಮೊದಲ ಊರುಗಳಲ್ಲಿ ಉಡುಪಿ ಒಂದು. ನೀರು, ಕಕ್ಕಸು, ಚರಂಡಿ. ಇದು ಆಗಿನ ಬಂಡವಾಳ. ಹಾಲಾಡಿಯವರ ತಲೆಮಾರು ಕಲಿತದ್ದು ಈ ಶಾಲೆಯಲ್ಲಿ.

ಹಳೆಯ ಕಾಲ ಪೂರ್ತಿ ತಂಪಾಗಿತ್ತು ಅಂತ ಹೇಳಹೊರಟರೆ ಅದೂ ಸುಳ್ಳು. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಭಾಗದ ಚರ್ಚ್‌ಗಳ ಮೇಲೆ ದಾಳಿಯಾದಾಗ, 2009ರ ಜನವರಿಯಲ್ಲಿ ಮಂಗಳೂರಿನ ಪಬ್‌ಗೆ ನುಗ್ಗಿ ಹೆಣ್ಣುಮಕ್ಕಳಿಗೆ ಹೊಡೆದಾಗ ಗೃಹ ಮಂತ್ರಿಯಾಗಿದ್ದದ್ದು ಇದೇ ಆಚಾರ್ಯರು. ಬಿಸಿ ಆಗಲೂ ಇತ್ತು. ಆದರೆ ಆಗ ಗಲಾಟೆ ಮಾಡುವವರು ಒಂದು ಕಡೆ, ಪಕ್ಷದ ಟಿಕೆಟ್ ಹಿಡಿದು ಮನೆ ಮನೆಗೆ ಬರುವವರು ಇನ್ನೊಂದು ಕಡೆ ಇರುತ್ತಿದ್ದರು. ಒಳಗೊಳಗೆ ನೆಂಟಸ್ತನ ಇದ್ದರೂ ಅಂಗಳದಲ್ಲಿ ಒಂದು ಗೆರೆ ಇತ್ತು.

ಆ ಗೆರೆ ಎಷ್ಟು ಅಳಿಸಿದೆ ಎಂದು ಬಹಿರಂಗವಾಗಿ ಹೇಳಿದ್ದು ಪಕ್ಷದ ಆಗಿನ ರಾಜ್ಯಾಧ್ಯಕ್ಷರೇ. 2023ರ ಜನವರಿಯಲ್ಲಿ ಮಂಗಳೂರಿನ ಬೂತ್ ಕಾರ್ಯಕರ್ತರ ಸಭೆಯಲ್ಲಿ ನಳಿನ್ ಕುಮಾರ್ ಕಟೀಲ್, ರಸ್ತೆ ಚರಂಡಿಯಂಥ ಸಣ್ಣ ವಿಷಯ ಮಾತಾಡಬೇಡಿ, ಲವ್ ಜಿಹಾದ್ ನಿಲ್ಲಬೇಕಾದರೆ ಬಿಜೆಪಿ ಬೇಕು ಎನ್ನಿ ಎಂಬ ಅರ್ಥದಲ್ಲಿ ಮಾತಾಡಿದರು. ವಿಡಿಯೋ ಊರೆಲ್ಲ ಓಡಾಡಿತು. ಪುರಸಭೆಯ ಚರಂಡಿಯಿಂದ ಶುರುವಾದ ಪಕ್ಷದ ರಾಜ್ಯಾಧ್ಯಕ್ಷರಿಗೆ ಚರಂಡಿ ಸಣ್ಣ ವಿಷಯವಾಯಿತು. ಮಳೆಗಾಲದಲ್ಲಿ ಅಂಗಡಿಯೊಳಗೆ ನೀರು ನುಗ್ಗಿಸಿಕೊಂಡವರನ್ನು ಕೇಳಿದರೆ ಎಷ್ಟು ಸಣ್ಣದು ಅಂತ ಹೇಳುತ್ತಾರೆ. ಕುಂದಾಪುರದ ಮಂದಿಯಂತೂ ಶಾಸ್ತ್ರಿ ಸರ್ಕಲ್ ಫ್ಲೈಓವರ್ ಮುಗಿಯಲಿಕ್ಕೆ ವರ್ಷಗಟ್ಟಲೆ ಧೂಳು ಕುಡಿದವರು.

ಕಾಲೇಜು ಗೇಟಿನಿಂದ ಜಾತ್ರೆ ಅಂಗಡಿವರೆಗೆ

2022ರ ಆ ಎರಡು ತಿಂಗಳು ಅಂಗಡಿಯವರು ಯಾರೂ ಮರೆತಿರಲಿಕ್ಕಿಲ್ಲ. ಒಂದಕ್ಕೊಂದು ಹೇಗೆ ಕೊಂಡಿ ಹಾಕಿಕೊಂಡಿತು ನೋಡಿ.

ಮೊದಲು ಉಡುಪಿಯ ಸರಕಾರಿ ಬಾಲಕಿಯರ ಪಿಯು ಕಾಲೇಜಿನಲ್ಲಿ ಹಿಜಾಬ್ ವಿಷಯ. ಅಲ್ಲಿಂದ ಕುಂದಾಪುರಕ್ಕೆ ಬಂತು. ಇಲ್ಲಿನ ಸರಕಾರಿ ಪಿಯು ಕಾಲೇಜಿನ ಅಭಿವೃದ್ಧಿ ಸಮಿತಿಗೆ ಶಾಸಕರೇ ಅಧ್ಯಕ್ಷರು, ಅಂದರೆ ಹಾಲಾಡಿಯವರು. ಅವರು ಪೋಷಕರನ್ನು ಕೂರಿಸಿ ಸಭೆ ಮಾಡಿದರು. ಒಮ್ಮತ ಆಗಲಿಲ್ಲ. ಫೆಬ್ರವರಿ 3ರಂದು ಕಾಲೇಜಿನ ಗೇಟ್ ಮುಚ್ಚಿ ಹುಡುಗಿಯರನ್ನು ಹೊರಗೆ ನಿಲ್ಲಿಸಿದ ದೃಶ್ಯ ದೇಶವೆಲ್ಲ ನೋಡಿತು. ಎದುರಿಗೆ ಕೇಸರಿ ಶಾಲು ಹಾಕಿದ ಹುಡುಗರು. ಫೆಬ್ರವರಿ 5ಕ್ಕೆ ಸರಕಾರದ ಆದೇಶ, ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು. ತೀರ್ಪು ಒಪ್ಪದ ಮುಸ್ಲಿಂ ವರ್ತಕರು ಮಾರ್ಚ್ 17ರಂದು ಅಂಗಡಿ ಮುಚ್ಚಿ ಬಂದ್ ಮಾಡಿದರು. ಅದನ್ನೇ ನೆಪ ಮಾಡಿಕೊಂಡು ಜಾತ್ರೆಗಳಲ್ಲಿ ಅವರಿಗೆ ಅಂಗಡಿ ಕೊಡಬಾರದು ಎಂಬ ಒತ್ತಡ ಎದ್ದಿತು. ಅದೇ ತಿಂಗಳು ಕಾಪುವಿನ ಸುಗ್ಗಿ ಮಾರಿಪೂಜೆಯಲ್ಲಿ ಅದು ಜಾರಿಗೂ ಬಂತು. ಅಲ್ಲಿಂದ ಒಂದೊಂದೇ ಊರಿಗೆ ಬ್ಯಾನರ್ ಹರಡಿತು. ಬಪ್ಪ ಬ್ಯಾರಿ ಎಂಬ ವ್ಯಾಪಾರಿಯ ಕಥೆಯೊಂದಿಗೇ ಹೆಸರಾದ ಮೂಲ್ಕಿಯ ಬಪ್ಪನಾಡು ಜಾತ್ರೆಯಲ್ಲೂ ಬ್ಯಾನರ್ ಕಾಣಿಸಿತು.

ವಿಧಾನಸಭೆಯಲ್ಲಿ ಪ್ರಶ್ನೆ ಬಂದಾಗ ಸರಕಾರ 2002ರ ಮುಜರಾಯಿ ನಿಯಮವೊಂದನ್ನು ತೋರಿಸಿತು. ಆ ನಿಯಮ ಮಾಡಿದಾಗ ಇದ್ದದ್ದು ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ ಸರಕಾರ! ದೇವಸ್ಥಾನದ ಜಾಗವನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದು ಎಂಬ ನಿಯಮ ಇಪ್ಪತ್ತು ವರ್ಷ ಪುಸ್ತಕದಲ್ಲಿ ಮಲಗಿತ್ತು, ಜಾತ್ರೆ ಅಂಗಡಿಗಳು ಅವುಗಳಷ್ಟಕ್ಕೆ ನಡೆಯುತ್ತಿದ್ದವು. ನಿಯಮ ಬದಲಾಗಲಿಲ್ಲ, ಅದನ್ನು ಎಬ್ಬಿಸುವವರು ಬದಲಾದರು.

ಜಾತ್ರೆ ಅಂಗಡಿ ಅಂದರೆ ಎಂತದು ಅಂತ ಕುಂದಾಪುರದವರಿಗೆ ವಿವರಿಸಬೇಕಿಲ್ಲ. ಕೋಟೇಶ್ವರದ ಕೊಡಿ ಹಬ್ಬದಲ್ಲಿ ಹೊಸ ಮದುಮಕ್ಕಳು ಕಬ್ಬಿನ ಕೊಡಿ ಹಿಡಿದು ಹೋಗುವ ದಾರಿಯ ಎರಡೂ ಬದಿಯಲ್ಲಿ ಬಳೆ, ಆಟಿಕೆ, ಮಿಠಾಯಿ, ಫ್ಯಾನ್ಸಿ ಸಾಮಾನು. ಸಣ್ಣ ವ್ಯಾಪಾರಿಗೆ ನಾಲ್ಕು ದಿನದ ಜಾತ್ರೆ ಅಂದರೆ ಮುಂದಿನ ಕೆಲವು ತಿಂಗಳ ಮನೆಖರ್ಚು. ಅಂಗಡಿ ಜಾಗ ಏಲಂ ಹಿಡಿದವನಿಗೆ ಕೂಗುವವರು ಕಮ್ಮಿಯಾದರೆ ನಷ್ಟ, ದೇವಸ್ಥಾನಕ್ಕೂ ನಷ್ಟ. ಸಾಮಾನು ತರಲಿಕ್ಕೆ ಸಾಲ ಕೊಟ್ಟ ಹೋಲ್‌ಸೇಲ್ ಅಂಗಡಿಯವ ಯಾವ ಜಾತಿಯವನಾದರೂ ಅವನ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ.

‘ಬೇಡ’ ಅಂದವರು ಯಾರು, ಅಂದಾಗ ಆದದ್ದೇನು

ಆಗ ಬಿಜೆಪಿಯೊಳಗಿಂದ ಬಾಯಿ ಬಿಟ್ಟವರು ಬೆರಳೆಣಿಕೆಯಷ್ಟು. ವಿಧಾನ ಪರಿಷತ್ ಸದಸ್ಯ ಎ.ಎಚ್. ವಿಶ್ವನಾಥ್ ವಿರೋಧಿಸಿದರು. ಬೆಳಗಾವಿ ಉತ್ತರದ ಶಾಸಕ ಅನಿಲ್ ಬೆನಕೆ, ಯಾರು ಎಲ್ಲಿ ಬೇಕಾದರೂ ವ್ಯಾಪಾರ ಮಾಡಲಿ, ಜನ ಎಲ್ಲಿ ಬೇಕಾದರೂ ಕೊಳ್ಳಲಿ ಎಂಬ ನಿಲುವು ತೆಗೆದುಕೊಂಡರು. 2023ರಲ್ಲಿ ಬೆನಕೆಯವರಿಗೆ ಟಿಕೆಟ್ ಸಿಗಲಿಲ್ಲ. ಅದಕ್ಕೆ ಈ ಮಾತೇ ಕಾರಣ ಅನ್ನಲು ಆಧಾರವಿಲ್ಲ, ಬೆಳಗಾವಿಯ ಜಾತಿ ಲೆಕ್ಕವೇ ಬೇರೆ ಇದೆ. ಆದರೆ ಹಾಗೆ ಮಾತಾಡಿದ್ದರಿಂದ ಅವರಿಗೆ ಲಾಭವಾಗಲಿಲ್ಲ ಅನ್ನುವುದಂತೂ ಖರೆ.

ಅತಿ ದೊಡ್ಡ ಧ್ವನಿ ಬಂದದ್ದು ಬಿ.ಎಸ್. ಯಡಿಯೂರಪ್ಪನವರಿಂದ. ಆ ಏಪ್ರಿಲ್‌ನಲ್ಲಿ ಧಾರವಾಡದ ನುಗ್ಗಿಕೇರಿ ಹನುಮಂತ ದೇವಸ್ಥಾನದ ಹತ್ತಿರ ಮುಸ್ಲಿಂ ವ್ಯಾಪಾರಿಯ ಕಲ್ಲಂಗಡಿ ಹಣ್ಣುಗಳನ್ನು ಬೀದಿಗೆಸೆದು ಒಡೆದಾಗ, ಮುಸ್ಲಿಮರು ಗೌರವದಿಂದ ಬದುಕಲು ಬಿಡಿ ಎಂದು ಅವರು ಬಹಿರಂಗವಾಗಿ ಹೇಳಿದರು. ಚುನಾವಣೆ ಹೊಸ್ತಿಲಲ್ಲಿ, 2023ರಲ್ಲಿ, ಹಿಜಾಬ್ ಹಲಾಲ್ ವಿಷಯಗಳೆಲ್ಲ ಬೇಕಿರಲಿಲ್ಲ ಎಂದೂ ಹೇಳಿದರು. ಅವರಿಗೆ ಹೇಗೆ ಸಾಧ್ಯವಾಯಿತು? ಉತ್ತರ ಮತ್ತೆ 2013ರಲ್ಲೇ ಇದೆ. ಹಾಲಾಡಿಯವರು ಪಕ್ಷೇತರರಾಗಿ ಗೆದ್ದ ಅದೇ ಚುನಾವಣೆಯಲ್ಲಿ ಯಡಿಯೂರಪ್ಪ ಕೆಜೆಪಿ ಕಟ್ಟಿ ತಾವು ಆರು ಸೀಟು ಗೆದ್ದರು, ಬಿಜೆಪಿಯನ್ನು 40ಕ್ಕೆ ಇಳಿಸಿದರು. ತನ್ನ ಮತ ಎಷ್ಟು ಅಂತ ಪಕ್ಷಕ್ಕೆ ಲೆಕ್ಕ ಕೊಟ್ಟು ತೋರಿಸಿದವರು. ಅಂಥವರ ಬಾಯಿ ಮುಚ್ಚಿಸುವುದು ಕಷ್ಟ. ಆದರೆ ಅವರೂ ಆ ಹೊತ್ತಿಗೆ ಮುಖ್ಯಮಂತ್ರಿ ಸ್ಥಾನ ಬಿಟ್ಟಾಗಿತ್ತು, ಶಿಕಾರಿಪುರವನ್ನು ಮಗನಿಗೆ ಬಿಟ್ಟುಕೊಡುವ ಹಾದಿಯಲ್ಲಿದ್ದರು.

ಇಲ್ಲೇ ಹಾಲಾಡಿಯವರ ಬಗ್ಗೆ ಒಂದು ಕಹಿ ಮಾತು ಹೇಳಲೇಬೇಕು. ಅವರ ಕೈಯಲ್ಲಿ ಯಡಿಯೂರಪ್ಪನವರಷ್ಟಲ್ಲದಿದ್ದರೂ ಸ್ವಂತ ಬಂಡವಾಳ ಇತ್ತು. 56 ಸಾವಿರ ಅಂತರದಲ್ಲಿ ಗೆದ್ದ ಶಾಸಕ, ಮುಸ್ಲಿಂ ಕೇರಿಯಲ್ಲೂ ಮರ್ಯಾದೆ ಇದ್ದ ಮನುಷ್ಯ. ಸಭೆ ಕರೆದರು, ಹೌದು. ಬಿಸಿ ಭಾಷಣ ಮಾಡಲಿಲ್ಲ, ಅದೂ ಹೌದು. ಆದರೆ ಸರಕಾರದ ಸಾಲಿನಿಂದ ಆಚೆಗೆ ಕಾಲಿಡಲೂ ಇಲ್ಲ. ಗೇಟ್ ಮುಚ್ಚಿದ ದಿನ ಅವರು ‘ಮಕ್ಕಳು ಒಳಗೆ ಬರಲಿ, ಮತ್ತೆ ನೋಡುವ’ ಅಂದಿದ್ದರೆ ಪಕ್ಷ ಏನು ಮಾಡುತ್ತಿತ್ತು? ಟಿಕೆಟ್ ಕೊಡುತ್ತಿರಲಿಲ್ಲವೇನೋ. ಹೇಗೂ ಅವರು ಮುಂದಿನ ವರ್ಷ ಟಿಕೆಟ್ ಬೇಡ ಅಂದರು. ಕೂಡಿಟ್ಟ ಮರ್ಯಾದೆಯನ್ನು ಖರ್ಚು ಮಾಡುವ ದಿನ ಬಂದಾಗ ಖರ್ಚು ಮಾಡಲಿಲ್ಲ. ಸೌಮ್ಯರ ಸೌಮ್ಯತನದಿಂದ ಊರಿಗೆ ಎಷ್ಟು ಉಪಯೋಗ ಅನ್ನುವ ಪ್ರಶ್ನೆಗೆ ಇದಕ್ಕಿಂತ ನೇರ ಉದಾಹರಣೆ ಹುಡುಕಬೇಕಾಗಿಲ್ಲ.

ಅವರ ಪರವಾಗಿ ಹೇಳುವವರು ಹೇಳುವುದು: ಶಾಸಕ ಒಬ್ಬನೇ ಎಂತ ಮಾಡಲಿಕ್ಕಾಗುತ್ತದೆ, ಆದೇಶ ಮೇಲಿಂದ ಬಂದದ್ದು. ಇದರಲ್ಲಿ ಸತ್ಯ ಇದೆ. ಹಾಗೆ ನೋಡಿದರೆ ಅವರು ಇದ್ದದ್ದರಿಂದಲೇ ಕುಂದಾಪುರ ಪೇಟೆಯಲ್ಲಿ ಮಾತು ಕೈಗೆ ಹೋಗಲಿಲ್ಲ ಅನ್ನುವವರೂ ಇದ್ದಾರೆ.

ಹುಲಿ ಸವಾರಿ

ಬಿಸಿ ಮಾತಿನಿಂದ ಪಕ್ಷಕ್ಕೆ ಲಾಭವೇ ಆಗುತ್ತದೆ ಅಂದುಕೊಂಡವರು ಬೆಳ್ಳಾರೆ ಮತ್ತು ಪುತ್ತೂರನ್ನು ನೋಡಬೇಕು.

2022ರ ಜುಲೈ 26ರ ರಾತ್ರಿ ಬೆಳ್ಳಾರೆಯಲ್ಲಿ ಯುವ ಮೋರ್ಚಾ ಮುಖಂಡ ಪ್ರವೀಣ್ ನೆಟ್ಟಾರು ಅವರ ಕೊಲೆಯಾಯಿತು. ಅವರೂ ಒಬ್ಬ ಅಂಗಡಿಯವರೇ, ಕೋಳಿ ಅಂಗಡಿ ನಡೆಸುತ್ತಿದ್ದವರು. ಮರುದಿನ ಸಮಾಧಾನ ಹೇಳಲು ಬಂದ ರಾಜ್ಯಾಧ್ಯಕ್ಷ ಕಟೀಲರ ಕಾರನ್ನು ಪಕ್ಷದ ಕಾರ್ಯಕರ್ತರೇ ಸುತ್ತುವರಿದು ಅಲುಗಾಡಿಸಿದರು. ಯುವ ಮೋರ್ಚಾದಲ್ಲಿ ಸಾಲು ಸಾಲು ರಾಜೀನಾಮೆ. ಆ ಒತ್ತಡಕ್ಕೆ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ, ಬೇಕಾದರೆ ಯೋಗಿ ಮಾದರಿ ತರುತ್ತೇವೆ ಅಂದರು. ಬೊಮ್ಮಾಯಿ ಅಂದರೆ ಜನತಾ ಪರಿವಾರದಿಂದ ಬಂದ, ಸಮಾಧಾನದ ಮನುಷ್ಯ ಅಂತ ಹೆಸರಿದ್ದವರು. ಸೌಮ್ಯರೇ ಕುರ್ಚಿಯಲ್ಲಿದ್ದರೂ ಮಾತು ಯಾರದ್ದು ಎಂಬುದು ಅಲ್ಲಿ ಕಂಡಿತು. ಹತ್ತು ದಿನದೊಳಗೆ ಮೂರು ಯುವಕರ ಕೊಲೆ, ಇಬ್ಬರು ಮುಸ್ಲಿಮರು, ಒಬ್ಬರು ಹಿಂದೂ. ದಕ್ಷಿಣ ಕನ್ನಡದಲ್ಲಿ ಸಂಜೆ 6ಕ್ಕೆ ಅಂಗಡಿ ಬಾಗಿಲು ಹಾಕಿ ಎಂದು ಜಿಲ್ಲಾಡಳಿತದ ಆದೇಶ ಬಂತು. ಸಂಜೆ ವ್ಯಾಪಾರವೇ ವ್ಯಾಪಾರ ಎಂಬ ಹೋಟೆಲು, ಬೇಕರಿ, ಚಿಕನ್ ಸೆಂಟರ್‌ನವರ ಗತಿ ಏನಾಯಿತು ಅನ್ನುವುದು ಯಾವ ಪಕ್ಷದ ಭಾಷಣದಲ್ಲೂ ಬರಲಿಲ್ಲ.

ಪುತ್ತೂರಿನಲ್ಲಿ 2023ರಲ್ಲಿ ಆದದ್ದು ಇನ್ನೂ ಸ್ಪಷ್ಟ. ಬಿಜೆಪಿಯ ಅಧಿಕೃತ ಅಭ್ಯರ್ಥಿ ಆಶಾ ತಿಮ್ಮಪ್ಪ. ಹಿಂದುತ್ವದ ಹೋರಾಟಗಾರ ಎಂದು ಗುರುತಿಸಿಕೊಂಡ ಅರುಣ್ ಕುಮಾರ್ ಪುತ್ತಿಲ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತರು. ಕಾಂಗ್ರೆಸ್‌ನ ಅಶೋಕ್ ಕುಮಾರ್ ರೈ 66,607 ಮತ ಪಡೆದು ಗೆದ್ದರೆ, ಪುತ್ತಿಲ 62,458 ಪಡೆದು ಎರಡನೇ ಸ್ಥಾನ. ಬಿಜೆಪಿ ಮೂರನೇ ಸ್ಥಾನಕ್ಕೆ ಬಿತ್ತು. ಪಕ್ಷ ಸಾಕಷ್ಟು ಗಟ್ಟಿಯಿಲ್ಲ ಎಂಬ ಸಿಟ್ಟಿಗೆ ಬಿದ್ದ ಮತ ಅದು. ಪಾಠ ಕಲಿತ ಪಕ್ಷ 2024ರ ಲೋಕಸಭೆ ಚುನಾವಣೆಗೆ ಮೊದಲು ಪುತ್ತಿಲರನ್ನು ಒಳಗೆ ಕರೆದುಕೊಂಡಿತು. ಕಾರ್ಕಳದಲ್ಲಿ ಸುನಿಲ್ ಕುಮಾರ್ ವಿರುದ್ಧ ಪ್ರಮೋದ್ ಮುತಾಲಿಕ್ ನಿಂತು ಪಡೆದದ್ದು ಸುಮಾರು ನಾಲ್ಕೂವರೆ ಸಾವಿರ ಮತ ಮಾತ್ರ. ಆದರೆ ಸುನಿಲ್ ಗೆದ್ದ ಅಂತರ ಕೂಡ ಹೆಚ್ಚುಕಮ್ಮಿ ಅಷ್ಟೇ, 4,602.

ಹೀಗಾಗಿ ಕರಾವಳಿಯ ಬಿಜೆಪಿ ಶಾಸಕರಿಗೆ ಈಗ ಕಾಂಗ್ರೆಸ್‌ಗಿಂತ ಹೆಚ್ಚಿನ ಹೆದರಿಕೆ ತಮ್ಮ ಬೆನ್ನ ಹಿಂದಿನವರದ್ದು. ಸ್ವಲ್ಪ ಮೆದುವಾದರೆ ‘ಇವ ನಮ್ಮವ ಅಲ್ಲ’ ಎಂಬ ವಾಟ್ಸ್ಯಾಪ್ ಸಂದೇಶ ಬೆಳಗಾಗುವುದರೊಳಗೆ ಬೂತ್ ಬೂತ್‌ಗೆ ತಲುಪುತ್ತದೆ.

ಹಾಗಂತ ಬೆಂಕಿ ಉಗುಳಿದವರಿಗೆಲ್ಲ ಬಡ್ತಿ ಸಿಕ್ಕಿದೆ ಅಂತಲೂ ಇಲ್ಲ. ಉಡುಪಿಯಲ್ಲಿ ರಘುಪತಿ ಭಟ್ಟರು ಹಿಜಾಬ್ ವಿಷಯದಲ್ಲಿ ಪಕ್ಷದ ನಿಲುವಿಗೆ ಗಟ್ಟಿಯಾಗಿ ನಿಂತವರು, ಆದರೂ ಟಿಕೆಟ್ ಹೋಯಿತು. ಅದೇ ಕಾಲೇಜು ಅಭಿವೃದ್ಧಿ ಸಮಿತಿಯ ಉಪಾಧ್ಯಕ್ಷರಾಗಿದ್ದ ಯಶ್‌ಪಾಲ್ ಸುವರ್ಣ ಅವರಿಗೆ ಸಿಕ್ಕಿತು. ಸುವರ್ಣರಿಗೆ ಮೀನುಗಾರ ಸಮುದಾಯದ ಮತ್ತು ಸಹಕಾರಿ ಸಂಸ್ಥೆಗಳ ಬಲವೂ ಇತ್ತು ಎನ್ನುವುದನ್ನು ಮರೆಯಬಾರದು. ಶಿವಮೊಗ್ಗದ ಈಶ್ವರಪ್ಪನವರ ನಾಲಿಗೆ ಯಾರಿಗೆ ಗೊತ್ತಿಲ್ಲ? ಅವರಿಂದಲೂ ನಿವೃತ್ತಿ ಪತ್ರ ಬರೆಸಿಕೊಂಡರು. ಪಕ್ಕದ ಉತ್ತರ ಕನ್ನಡದ ಅನಂತಕುಮಾರ ಹೆಗಡೆಯಂತೂ ಈ ಮಾತಿಗೆ ದೊಡ್ಡ ಸಾಕ್ಷಿ. 2024ರ ಮಾರ್ಚ್‌ನಲ್ಲಿ ಸಂವಿಧಾನ ಬದಲಿಸುವ ಮಾತಾಡಿದ ಬೆನ್ನಿಗೇ ಟಿಕೆಟ್ ತಪ್ಪಿತು. ಬದಲಿಗೆ ಬಂದ ವಿಶ್ವೇಶ್ವರ ಹೆಗಡೆ ಕಾಗೇರಿ ತಣ್ಣಗಿನ ಮನುಷ್ಯ. ಗೆದ್ದದ್ದು ಮೂರು ಲಕ್ಷಕ್ಕೂ ಮಿಕ್ಕಿದ ಅಂತರದಲ್ಲಿ. ನಮ್ಮ ಉಡುಪಿ-ಚಿಕ್ಕಮಗಳೂರಿನಲ್ಲೂ ಸರಳ ಎಂದು ಹೆಸರಾದ ಕೋಟ ಶ್ರೀನಿವಾಸ ಪೂಜಾರಿಯವರೇ ಗೆದ್ದರು, 2,59,175 ಅಂತರ.

ಹಾಗಾದರೆ ಸೌಮ್ಯರ ಕಾಲ ಮುಗಿಯಲಿಲ್ಲ ಅನ್ನಬಹುದೇ? ಮುಖಗಳ ಮಟ್ಟಿಗೆ ಅನ್ನಬಹುದು. ಕೊಡ್ಗಿಯವರನ್ನಾಗಲಿ, ಬೈಂದೂರಿನ ಗುರುರಾಜ್ ಗಂಟಿಹೊಳೆಯವರನ್ನಾಗಲಿ ಬೆಂಕಿ ಉಗುಳುವವರ ಸಾಲಿಗೆ ಸೇರಿಸುವುದು ಅನ್ಯಾಯ. ಪಕ್ಷಕ್ಕೆ ಪೋಸ್ಟರಿನಲ್ಲಿ ಮೆದು ಮುಖ ಈಗಲೂ ಬೇಕು, ಪೇಟೆ ಮಂದಿಯ ಮತ ಬೇಕಲ್ಲ. ಆದರೆ ಆ ಮೆದು ಮುಖದವರು ಯಾವ ವಿಷಯ ಮಾತಾಡಬೇಕು, ಯಾವ ದಿನ ಸುಮ್ಮನಿರಬೇಕು ಎಂಬುದನ್ನು ತೀರ್ಮಾನಿಸುವುದು ಅವರಲ್ಲ. ಹೆಗಡೆಯವರನ್ನು ಕೈಬಿಟ್ಟದ್ದೂ ಡೆಲ್ಲಿಯ ಲೆಕ್ಕ, ಪುತ್ತಿಲರನ್ನು ಕರೆದದ್ದೂ ಮೇಲಿನವರ ಲೆಕ್ಕ. ಬಿಸಿ ಎಷ್ಟಿರಬೇಕು ಎಂಬ ಗುಂಡಿ ಊರಿನ ಶಾಸಕನ ಕೈಯಲ್ಲಿ ಇಲ್ಲ.

ಮತ್ತೊಂದು ಸಂಗತಿ. ಇಷ್ಟೆಲ್ಲ ಆದಮೇಲೂ 2023ರಲ್ಲಿ ರಾಜ್ಯದಲ್ಲಿ 66ಕ್ಕೆ ಕುಸಿದ ಬಿಜೆಪಿ ಉಡುಪಿ ಜಿಲ್ಲೆಯ ಐದಕ್ಕೆ ಐದೂ ಗೆದ್ದಿತು, ದಕ್ಷಿಣ ಕನ್ನಡದ ಎಂಟರಲ್ಲಿ ಆರು. ಅಂದರೆ ಇಲ್ಲಿನ ಮತದಾರರಿಂದ ಪಕ್ಷಕ್ಕೆ ಯಾವ ದಂಡವೂ ಬೀಳಲಿಲ್ಲ. ಜಾತ್ರೆ ವ್ಯಾಪಾರ ಹಾಳಾಯಿತು ಅಂತ ಅಂಗಡಿ ಕಟ್ಟೆಯಲ್ಲಿ ಬೇಸರಿಸಿಕೊಂಡವರು ಮತಗಟ್ಟೆಯೊಳಗೆ ಅದನ್ನು ನೆನಪಿಟ್ಟುಕೊಂಡಂತೆ ಲೆಕ್ಕ ಹೇಳುವುದಿಲ್ಲ. ಕಾಂಗ್ರೆಸ್ ಕೂಡ ಇಲ್ಲಿ ಅಂಗಡಿಯವರ ಪರ ಗಟ್ಟಿಯಾಗಿ ನಿಂತು ಮಾತಾಡಿದ್ದು ಕಮ್ಮಿ. 2002ರ ನಿಯಮ ತಮ್ಮದೇ ಸರಕಾರದ್ದು ಎಂಬ ಮುಜುಗರವೂ ಇದ್ದಿರಬೇಕು.

ಮುಂದಿನ ಟಿಕೆಟ್ ಯಾರಿಗೆ

ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್ ಸದಸ್ಯರ ಅವಧಿ ಮುಗಿದದ್ದು 2021ರಲ್ಲಿ. ಮೀಸಲಾತಿ, ಕ್ಷೇತ್ರ ವಿಂಗಡಣೆ, ಕೋರ್ಟು ಅಂತ ಮುಂದೆ ಹೋಗುತ್ತಲೇ ಇದೆ. ಹಾಲಾಡಿಯಂಥವರು ತಯಾರಾಗುತ್ತಿದ್ದದ್ದು ಇದೇ ಮಟ್ಟದಲ್ಲಿ. ರಸ್ತೆ, ಬೀದಿ ದೀಪ, ವಾರಾಹಿ ನೀರಿನ ಜಗಳ ಬಿಡಿಸಿ ಬಿಡಿಸಿ ಸ್ವಂತ ಮತ ಕಟ್ಟಿಕೊಳ್ಳುವ ಜಾಗ ಇದು. ಆ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿರುವಾಗ ಹೊಸ ಹುಡುಗನೊಬ್ಬ ಹೆಸರು ಮಾಡಬೇಕಾದರೆ ಉಳಿದ ದಾರಿ ಪ್ರತಿಭಟನೆ, ಫ್ಲೆಕ್ಸು, ವೈರಲ್ ವಿಡಿಯೋ. ಸೌಮ್ಯರು ಯಾಕೆ ಹುಟ್ಟುತ್ತಿಲ್ಲ ಅಂತ ಕೇಳುವವರು ಬೀಜ ಬಿತ್ತುವ ಗದ್ದೆಯೇ ಹಡಿಲು ಬಿದ್ದಿದೆ ಎನ್ನುವುದನ್ನು ನೋಡುವುದಿಲ್ಲ. ಈ ತಪ್ಪಿನಲ್ಲಿ ಆಗಿನ ಬಿಜೆಪಿ ಸರಕಾರಕ್ಕೂ, ಆಮೇಲಿನ ಕಾಂಗ್ರೆಸ್ ಸರಕಾರಕ್ಕೂ ಸಮ ಪಾಲಿದೆ.

ಚುನಾವಣೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಟಿಕೆಟ್ ಆಕಾಂಕ್ಷಿಗಳು ಕೈಮುಗಿದುಕೊಂಡು ಅಂಗಡಿ ಅಂಗಡಿಗೆ ಬರುತ್ತಾರೆ, ಯಾವ ಪಕ್ಷದವರೇ ಆಗಲಿ. ಜಾತ್ರೆಯ ಅಂಗಡಿ ಏಲಂನಲ್ಲಿ ಯಾರು ಕೂಗಬಹುದು, ಕಾಲೇಜು ಗೇಟಿನ ಎದುರು ಗುಂಪು ಸೇರಿದ ದಿನ ನೀವು ಎಲ್ಲಿರುತ್ತೀರಿ, ಸಂಜೆ 6ಕ್ಕೆ ಬಾಗಿಲು ಹಾಕಿ ಅಂದಾಗ ಯಾರ ಹತ್ತಿರ ಮಾತಾಡುತ್ತೀರಿ ಎಂದು ಚಾ ಕೊಟ್ಟು ಕೂರಿಸಿ ಕೇಳಲು ಅಡ್ಡಿಯಿಲ್ಲ. ಹಾಲಾಡಿಯವರನ್ನು ಐದು ಸಲ ಗೆಲ್ಲಿಸಿದ ತಾಲೂಕಿನಲ್ಲಿ ಈ ಪ್ರಶ್ನೆಗಳನ್ನು ಅವರಿಗೂ ಯಾರೂ ಕೇಳಿರಲಿಲ್ಲ.